ನಕ್ಷೆಯಲ್ಲಿಲ್ಲದ ಹನ್ನೆರಡು ಅಡಿ

ಬೆಂಗಳೂರಿನ ಹೊರ ವರ್ತುಲ ರಸ್ತೆಗೆ ಬೆನ್ನು ಕೊಟ್ಟು ನಿಂತ ಆರಂತಸ್ತಿನ ಒಂದು ಕಚೇರಿ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದರ ಬಿಸಿಲು. ತಾರಸಿಯ ಮೇಲೆ ಇಬ್ಬರಿದ್ದಾರೆ. ಒಬ್ಬಾಕೆ ಹೊಸದಾಗಿ ಬಂದ ಸೇಫ್ಟಿ ಆಫೀಸರ್. ಇನ್ನೊಬ್ಬರು ಈ ಕಟ್ಟಡ ಎದ್ದಾಗಿನಿಂದ ಇಲ್ಲೇ ಇರುವ ಪ್ಲಂಬರ್, ನಿವೃತ್ತಿಗೆ ಎರಡು ವರ್ಷ ಬಾಕಿ. ಕಂಪನಿಯ ಇಂಗ್ಲೆಂಡಿನ ಕ್ಲೈಂಟು ಕಳಿಸಿದ ನಲವತ್ತು ಪುಟದ ಫಾರಂ ಆಕೆಯ ಕಂಕುಳಲ್ಲಿದೆ.

ಪ್ಲಂಬರ್: ನೀರಿಗೆ ಇಷ್ಟು ದಪ್ಪದ ಫಾರಮ್ಮಾ ಮೇಡಂ? ಆರು ತಿಂಗಳಿಗೊಂದು ಸಲ ಟ್ಯಾಂಕ್ ತೊಳೆಸ್ತೀವಿ, ಟಿಡಿಎಸ್ ನೋಡ್ತೀವಿ, ಕುಡಿಯೋಕೆ ಮಹಡಿಗೊಂದು ಆರ್‌ಓ ಇದೆ. ಇನ್ನೇನು ಬೇಕಂತೆ ಅವರಿಗೆ?

ಆಫೀಸರ್: ಇದು ಕುಡಿಯೋ ನೀರಿನ ವಿಚಾರ ಅಲ್ಲಣ್ಣ. ಉಸಿರಾಡೋ ನೀರಿನ ವಿಚಾರ.

ಪ್ಲಂಬರ್: ನೀರು ಉಸಿರಾಡೋಕೆ ನಾವೇನು ಮೀನಾ?

ಆಫೀಸರ್: ಶವರ್ ಕೆಳಗೆ ನಿಂತಾಗ ಮುಖದ ಸುತ್ತ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ತೇಲಾಡ್ತವೆ. ಅಗೋ, ಆ ಏಸಿಯ ಕೂಲಿಂಗ್ ಟವರಿನ ಫ್ಯಾನು ತಿರುಗುವಾಗಲೂ ಹಾಗೇ. ಆ ಹನಿಯೊಳಗೆ ಲೀಜನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇದ್ದು, ಅದು ಶ್ವಾಸಕೋಶಕ್ಕೆ ಇಳಿದರೆ ಒಂಥರಾ ಕೆಟ್ಟ ನ್ಯುಮೋನಿಯಾ ಬರುತ್ತೆ. ಹತ್ತು ಜನಕ್ಕೆ ಬಂದರೆ ಸುಮಾರು ಒಬ್ಬರು ಉಳಿಯಲ್ಲ. ಅದೇ ನೀರನ್ನ ಕುಡಿದ್ರೆ ಸಾಮಾನ್ಯವಾಗಿ ಏನೂ ಆಗಲ್ಲ. ಒಬ್ಬರಿಂದ ಒಬ್ಬರಿಗೆ ಅಂಟೋದೂ ಇಲ್ಲ ಅಂತಲೇ ಹೇಳಬಹುದು.

ಪ್ಲಂಬರ್: ಹೆಸರೇ ಕೇಳಿಲ್ಲ. ಹೊಸದಾ?

ಆಫೀಸರ್: ಬ್ಯಾಕ್ಟೀರಿಯಾ ಹಳೇದು, ಕೆರೆ ಹೊಳೆಗಳಲ್ಲಿ ಯಾವಾಗಲೂ ಇದ್ದದ್ದು. ಹೆಸರು ಬಂದಿದ್ದು ಮಾತ್ರ 1976ರ ಆಮೇಲೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ ದೊಡ್ಡ ಹೋಟೆಲು, ಬೆಲ್‌ವ್ಯೂ-ಸ್ಟ್ರ್ಯಾಟ್‌ಫರ್ಡ್ ಅಂತ. ಜುಲೈ ತಿಂಗಳು. ಮಾಜಿ ಸೈನಿಕರ ಸಂಘ ಅಮೆರಿಕನ್ ಲೀಜನ್‌ನವರ ಸಮಾವೇಶ. ಮುಗಿಸಿ ಊರಿಗೆ ಹೋದವರು ಒಬ್ಬೊಬ್ಬರಾಗಿ ಜ್ವರ ಅಂತ ಮಲಗಿದರು. 221 ಜನ ಕಾಯಿಲೆ ಬಿದ್ದು 34 ಜನ ತೀರಿಕೊಂಡರು. ಹೋಟೆಲಿಗೆ ಕಾಲೇ ಇಡದೆ ಮುಂದಿನ ಫುಟ್‌ಪಾತಿನಲ್ಲಿ ಹಾದು ಹೋದವರಿಗೂ ಬಂತು.

ಪ್ಲಂಬರ್: ಊಟದಲ್ಲಿ ವಿಷ ಅಂದಿರಬೇಕು ಮೊದಲು.

ಆಫೀಸರ್: ಊಟ ನೋಡಿದರು, ಐಸ್ ನೋಡಿದರು, ಲೋಹದ ವಿಷವೇನೋ ಅಂತಲೂ ಹುಡುಕಿದರು. ಸಿಗಲಿಲ್ಲ. ನವೆಂಬರಿನಲ್ಲಿ ಹೋಟೆಲು ಮುಚ್ಚೇ ಹೋಯ್ತು. ಜೋಸೆಫ್ ಮೆಕ್‌ಡೇಡ್ ಅನ್ನೋ ವಿಜ್ಞಾನಿ ಡಿಸೆಂಬರ್ ಕೊನೆ ವಾರ, ಎಲ್ಲರೂ ಕ್ರಿಸ್‌ಮಸ್ ರಜೆಯಲ್ಲಿದ್ದಾಗ, ಹಳೇ ಸ್ಲೈಡುಗಳನ್ನ ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. ಕಡ್ಡಿ ಥರದ ಬ್ಯಾಕ್ಟೀರಿಯಾಗಳು ಕಂಡವು. 1977ರ ಜನವರಿಯಲ್ಲಿ ಜಗತ್ತಿಗೆ ಹೇಳಿದರು. ಸತ್ತ ಲೀಜನ್ ಸೈನಿಕರ ಹೆಸರೇ ರೋಗಕ್ಕೂ ಅಂಟಿಕೊಂಡಿತು. ಬೆರಳು ಹೋಗಿದ್ದು ಏರ್‌ಕಂಡೀಷನ್ನಿನ ಕಡೆಗೆ.

ಪ್ಲಂಬರ್: ಸರಿ, ಅದು ಅಮೆರಿಕ. ನಮ್ಮೂರಲ್ಲಿ ಯಾರಿಗೂ ಬಂದಿದ್ದು ನಾನಂತೂ ಕೇಳಿಲ್ಲ.

ಆಫೀಸರ್: ನ್ಯುಮೋನಿಯಾ ಅಂತ ಆಸ್ಪತ್ರೆಗೆ ಸೇರಿದವರಿಗೆಲ್ಲ ಇದರ ಪರೀಕ್ಷೆ ಮಾಡ್ತಾರಾ? ಮೂತ್ರ ತಗೊಂಡು ಬೇರೆಯಾಗಿ ನೋಡಬೇಕು. ಬರೆದು ಕೊಡದಿದ್ರೆ ಲ್ಯಾಬಿನವರು ತಾವಾಗಿ ನೋಡಲ್ಲ. ಹುಡುಕದೆ ಇದ್ರೆ ಸಿಗೋದಿಲ್ಲ ಅಣ್ಣ. ಆ ಮುಚ್ಚಳ ತೆಗೀರಿ, ಥರ್ಮಾಮೀಟರ್ ಇಳಿಬಿಡೋಣ.

ಪ್ಲಂಬರ್: ಮೂವತ್ತೊಂದು.

ಆಫೀಸರ್: ಫಾರಂ ಏನು ಹೇಳುತ್ತೆ ಗೊತ್ತಾ? ತಣ್ಣೀರು 20 ಡಿಗ್ರಿಗಿಂತ ಕಡಿಮೆ ಇರಬೇಕಂತೆ.

ಪ್ಲಂಬರ್: ಏಪ್ರಿಲ್ ತಿಂಗಳಲ್ಲಾ? ಆ ನೀರು ಬೇಕಂದ್ರೆ ಫ್ರಿಜ್ಜಿಂದ ಹೊತ್ತು ತರಬೇಕು! ಸಾಯಂಕಾಲ ನಾಲ್ಕಕ್ಕೆ ನೋಡಿ, ಈ ಕರೀ ಟ್ಯಾಂಕಿನ ನೀರಲ್ಲಿ ಕೈ ತೊಳೆದರೆ ಗೀಸರ್ ಹಾಕಿದ್ದಾರೇನೋ ಅನ್ನಿಸುತ್ತೆ. ಹೋಗಲಿ ಬಿಡಿ, ಹತ್ತೊಂಬತ್ತು ಅಂತ ಬರೆದುಬಿಡಿ. ಅವರೇನು ಬಂದು ಅಳೀತಾರಾ?

ಆಫೀಸರ್: ಮೂವತ್ತೊಂದು ಅಂತಲೇ ಬರೀತೀನಿ. ಸುಳ್ಳು ಬರೆದ ದಿನವೇ ಈ ನಲವತ್ತು ಪುಟ ರದ್ದಿ. ಈ ಬ್ಯಾಕ್ಟೀರಿಯಾ ಬೆಳೆಯೋದು 20ರಿಂದ 45 ಡಿಗ್ರಿ ಒಳಗೆ, ನಮ್ಮ ಮೈ ಬಿಸಿಯ ಹತ್ತಿರ ಬಂದ್ರೆ ಅದಕ್ಕೆ ಹಬ್ಬ. ಇಂಗ್ಲೆಂಡಿನವರಿಗೆ ಭೂಮಿಯೊಳಗಿಂದ ಬರೋ ನೀರೇ ತಣ್ಣಗಿರುತ್ತೆ, ಅವರ ಮೊದಲ ಕಾವಲು ಅದೇ. ನಮಗೆ ಆ ಕಾವಲಿಲ್ಲ. ಉಳಿದ ಮೂರನ್ನ ಬಿಗಿ ಮಾಡಬೇಕು. ನೀರು ನಿಲ್ಲಬಾರದು, ಕೊಳೆ ಕೂರಬಾರದು, ಕ್ಲೋರಿನ್ ಇಂಗಿ ಹೋಗಬಾರದು.

ಪ್ಲಂಬರ್: ನೀರು ಎಲ್ಲಿ ನಿಲ್ಲುತ್ತೆ ಮೇಡಂ, ದಿನಾ ಖರ್ಚಾಗ್ತಾ ಇರುತ್ತಲ್ಲ.

ಆಫೀಸರ್: ಲೆಕ್ಕ ಹಾಕೋಣ. ಟ್ಯಾಂಕು ಎಷ್ಟು ಲೀಟರಿನದು?

ಪ್ಲಂಬರ್: ಎರಡೂ ಸೇರಿ ನಲವತ್ತು ಸಾವಿರ. ಒಂಬೈನೂರು ಜನಕ್ಕೆ ಅಂತ ಕೂರಿಸಿದ್ದು. ಆಗ ದಿನಕ್ಕೆ ಒಂದು ಸಲ ಪೂರ್ತಿ ಖಾಲಿಯಾಗೋದು.

ಆಫೀಸರ್: ತಲೆಗೆ 45 ಲೀಟರ್ ಅಂತ ಹಿಡಿದಿರ್ತಾರೆ, ಸರಿಹೋಯ್ತು. ಈಗ ವರ್ಕ್ ಫ್ರಂ ಹೋಮು. ದಿನಕ್ಕೆ ಬರೋರು ಮುನ್ನೂರು ಜನ.

ಪ್ಲಂಬರ್: ಅಂದ್ರೆ ಹದಿಮೂರು ಹದಿನಾಲ್ಕು ಸಾವಿರ... ಓಹ್. ಇವತ್ತು ತುಂಬಿದ ನೀರು ನಲ್ಲಿಗೆ ಬರೋಕೆ ಮೂರು ದಿನ.

ಆಫೀಸರ್: ಶನಿವಾರ ಭಾನುವಾರ ಸೇರಿಸಿದ್ರೆ ಐದು. ಈ ಬಿಸಿಲಲ್ಲಿ ಐದು ದಿನ ಕ್ಲೋರಿನ್ ಉಳಿಯುತ್ತಾ?

ಪ್ಲಂಬರ್: ಎರಡನೇ ದಿನಕ್ಕೇ ಕಿಟ್ಟಿನಲ್ಲಿ ಬಣ್ಣ ಬರಲ್ಲ. ಟ್ಯಾಂಕರ್ ನೀರಾದ್ರಂತೂ ಬರೋವಾಗಲೇ ಇರಲ್ಲ.

ಆಫೀಸರ್: ಕುಡಿಯೋ ನೀರಿಗೆ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು ಅಂತ ನಮ್ಮ ಐಎಸ್ 10500 ಹೇಳುತ್ತೆ. ಅದನ್ನ ನಾವು ಸಂಪಿನಲ್ಲಿ ನೋಡಿ ಸುಮ್ಮನಾಗ್ತೀವಿ. ನೋಡಬೇಕಾದ್ದು ಕಟ್ಟಡದ ಕೊನೇ ನಲ್ಲಿಯಲ್ಲಿ.

ಪ್ಲಂಬರ್: ಹಾಗಾದ್ರೆ ಒಂದು ಕೆಲಸ ಮಾಡ್ತೀನಿ. ಒಂದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಒಣಗಿಸಿ, ಲೈನಿಂದ ಕಳಚಿಬಿಡ್ತೀನಿ. ಇನ್ನೊಂದರ ಬಾಲ್‌ವಾಲ್ವು ಒಂದಡಿ ಇಳಿಸ್ತೀನಿ. ಮೇಲೆ ಬಿಳೀ ಬಣ್ಣ ಹೊಡೆಸಿ ಒಂದು ಶೀಟ್ ನೆರಳು ಹಾಕಿದ್ರೆ ಎರಡು ಮೂರು ಡಿಗ್ರಿಯಾದರೂ ಇಳೀಬೋದು. ಕಳಚೋದು ಅಂದ್ರೆ ಬರೀ ವಾಲ್ವ್ ಮುಚ್ಚಿದರೆ ಸಾಲಲ್ಲ ಅಲ್ವಾ? ಒಳಗೆ ನೀರು ಹಾಗೇ ಕೂತಿರುತ್ತೆ.

ಆಫೀಸರ್: ಫಾರಮ್ಮಿನಲ್ಲಿ ಎಂಟು ಪುಟ ತಗೊಂಡು ಹೇಳಿದ್ದನ್ನ ನೀವು ಎರಡು ಮಾತಲ್ಲಿ ಹೇಳಿಬಿಟ್ರಿ. ಸೋಲಾರ್ ಕಡೆ ಬನ್ನಿ. ಜಿಮ್ಮಿನ ಶವರಿಗೆ ಇಲ್ಲಿಂದಲೇ ತಾನೆ ಬಿಸಿನೀರು?

ಪ್ಲಂಬರ್: ಹೌದು. ಮೋಡ ಇದ್ದ ದಿನ ನಲವತ್ತು ನಲವತ್ತೆರಡಕ್ಕೆ ನಿಲ್ಲುತ್ತೆ. ಒಳಗೆ ಎಲೆಕ್ಟ್ರಿಕ್ ಕಾಯಿಲ್ ಇದೆ, ಕರೆಂಟು ಬಿಲ್ಲು ಜಾಸ್ತಿ ಆಯ್ತು ಅಂತ ಅಕೌಂಟ್ಸಿನವರು ಹೇಳಿದ ಮೇಲೆ ನಾನೇ ಥರ್ಮೋಸ್ಟಾಟ್ 45ಕ್ಕೆ ಇಳಿಸಿದೆ. ಯಾರೋ ಕೈ ಸುಟ್ಟುಕೊಂಡರು ಅಂತಲೂ ಒಂದು ಕಂಪ್ಲೇಂಟ್ ಇತ್ತು.

ಆಫೀಸರ್: ಆ ಬ್ಯಾಕ್ಟೀರಿಯಾಕ್ಕೆ ಬೇಕಾದ ಹದ ಅದೇ ಅಣ್ಣ, ನಲವತ್ತೆರಡು. ಹಾಲಿಗೆ ಹೆಪ್ಪು ಹಾಕಿಟ್ಟ ಹಾಗೆ. ಟ್ಯಾಂಕಿನಲ್ಲಿ 60 ಇರಲೇಬೇಕು, ಆ ಬಿಸಿಗೆ ಅವು ನಿಮಿಷಗಳಲ್ಲಿ ಸಾಯ್ತವೆ. ನಲ್ಲಿ ತಿರುಗಿಸಿ ಒಂದು ನಿಮಿಷದೊಳಗೆ 50 ಬರಬೇಕು. ಕೈ ಸುಡುತ್ತೆ ಅಂದ್ರೆ ಶವರಿನ ಹತ್ತಿರ ಬಿಸಿ-ತಣ್ಣೀರು ಬೆರೆಸೋ ಥರ್ಮೋಸ್ಟಾಟಿಕ್ ವಾಲ್ವು ಹಾಕಬೇಕೇ ಹೊರತು ಟ್ಯಾಂಕನ್ನೇ ತಣ್ಣಗೆ ಮಾಡಬಾರದು. ಬಿಲ್ಲಿನ ವಿಚಾರ ನಾನು ಅಕೌಂಟ್ಸಿಗೆ ಹೇಳ್ತೀನಿ.

ಪ್ಲಂಬರ್: ಹೇಳಿ ನೋಡಿ. ನಾನು ಹೇಳಿದ್ರೆ ಅವರ ಕಿವಿಗೆ ಬೀಳಲ್ಲ.

ಆಫೀಸರ್: ಈ ಶವರ್ ಹೆಡ್ ಬಿಚ್ಚಿ ತಂದಿದ್ದೀರಲ್ಲ, ಕೊಡಿ ಇಲ್ಲಿ.

ಪ್ಲಂಬರ್: ಕೆಳಗಿನದ್ದು. ಮೇಲೆ ಕಾಣೋದು ಬೋರ್ ನೀರಿನ ಉಪ್ಪು. ಅದರ ಒಳಗೆ ಬೆರಳು ಹಾಕಿ.

ಆಫೀಸರ್: ಥೂ. ಲೋಳೆ.

ಪ್ಲಂಬರ್: ಹೂಂ. ಮೂರು ತಿಂಗಳು ಬಿಟ್ಟರೆ ಎಲ್ಲದರಲ್ಲೂ ಇಷ್ಟು ಕೂತಿರುತ್ತೆ. ಬಾವಿ ಮೆಟ್ಟಿಲ ಮೇಲೆ ಕಾಲು ಜಾರುತ್ತಲ್ಲ, ಅದೇ ಜಾತಿ.

ಆಫೀಸರ್: ಅದೇ ಲೀಜನೆಲ್ಲಾದ ಮನೆ. ಲೋಳೆಯೊಳಗೆ ಅಮೀಬಾಗಳಿರ್ತವೆ, ಬ್ಯಾಕ್ಟೀರಿಯಾ ತಿಂದು ಬದುಕೋ ಜೀವಿ. ಇದನ್ನೂ ನುಂಗುತ್ತೆ. ಆದ್ರೆ ಇದು ಜೀರ್ಣವಾಗಲ್ಲ. ನುಂಗಿದವನ ಹೊಟ್ಟೆಯೊಳಗೇ ಮರಿ ಹಾಕಿ, ಅವನನ್ನ ಒಡೆದುಕೊಂಡು ಹೊರಗೆ ಬರುತ್ತೆ. ನಮ್ಮ ಶ್ವಾಸಕೋಶದಲ್ಲೂ ಕೊಳೆ ನುಂಗೋಕೆ ಅಂತ ಅಮೀಬಾ ಥರದ್ದೇ ಕಾವಲು ಜೀವಕೋಶಗಳಿವೆ. ಅಲ್ಲೂ ಅದೇ ಆಟ ಆಡುತ್ತೆ. ಜೀವಕೋಶದ ಒಳಗೆ ಅಡಗಿರೋದರಿಂದ ಪೆನಿಸಿಲಿನ್ ಜಾತಿಯ ಔಷಧಿ ತಾಗಲ್ಲ, ಅಜಿಥ್ರೋಮೈಸಿನ್ ಥರದ್ದು ಕೊಡಬೇಕು. ಕೊಳೆತ ಕೆರೆಯಲ್ಲಿ ಕಲಿತ ವಿದ್ಯೆಯನ್ನ ಮನುಷ್ಯನ ಎದೆಗೂಡಲ್ಲಿ ತೋರಿಸುತ್ತೆ.

ಪ್ಲಂಬರ್: ಯಾರಿಗೆ ಬೇಕಾದರೂ ಬರುತ್ತಾ?

ಆಫೀಸರ್: ಗಟ್ಟಿಮುಟ್ಟಾದ ಹುಡುಗರಿಗೆ ಕಡಿಮೆ. ಐವತ್ತು ದಾಟಿದವರು, ಬೀಡಿ ಸಿಗರೇಟು ಸೇದೋರು, ಶುಗರ್ ಇರೋರು, ಶ್ವಾಸಕೋಶದ ತೊಂದರೆ ಇರೋರು, ಇವರಿಗೆ ಜಾಸ್ತಿ.

ಪ್ಲಂಬರ್: ನನಗೆ ಐವತ್ತೆಂಟು. ಶುಗರ್ ಹನ್ನೊಂದು ವರ್ಷದಿಂದ. ಮುಂದೆ ಹೇಳಿ.

ಆಫೀಸರ್: ಅದಕ್ಕೇ ಕೇಳ್ತಿದ್ದೀನಿ, ಆ ಟವರಿನ ಬೆನ್ನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದಾರಲ್ಲ, ಯಾರದು?

ಪ್ಲಂಬರ್: ಸೆಕ್ಯುರಿಟಿಯವರದು. ತಂಪಾಗಿರುತ್ತೆ ಅಂತ ಮಧ್ಯಾಹ್ನ ಅಲ್ಲಿ ಕೂತು ಬೀಡಿ ಸೇದ್ತಾರೆ. ಬೇಸಿಗೆಯಲ್ಲಿ ನಾನೂ ಕೂತಿದ್ದೀನಿ. ಮುಖಕ್ಕೆ ಸೋನೆ ಮಳೆ ಬಿದ್ದ ಹಾಗಿರುತ್ತೆ.

ಆಫೀಸರ್: ಆ ಸೋನೆ ಹೊರಗೆ ಬರಲೇಬಾರದು ಅಣ್ಣ! ಒಳಗೆ ಎಲಿಮಿನೇಟರ್ ಅಂತ ಪ್ಲಾಸ್ಟಿಕ್ ಪಟ್ಟಿಗಳ ಜೋಡಣೆ ಇರುತ್ತಲ್ಲ, ಹನಿ ತಡೆಯೋದಕ್ಕೆ.

ಪ್ಲಂಬರ್: ಎರಡು ಪೀಸ್ ಹೋದ ವರ್ಷವೇ ಮುರಿದು ಬಿತ್ತು. ಪರ್ಚೇಸಿಗೆ ಬರೆದು ಕೊಟ್ಟಿದ್ದೀನಿ.

ಆಫೀಸರ್: ಕುರ್ಚಿಯನ್ನ ಇವತ್ತೇ ತೆಗೆಸಿ. ಇಡೀ ಕಟ್ಟಡದಲ್ಲಿ ನನಗೆ ನಿಜವಾಗಿ ಭಯ ಇರೋದು ಈ ಟವರ್ ಕಂಡರೆ. ಶವರ್ ಕೆಟ್ಟರೆ ಒಬ್ಬರು ಇಬ್ಬರು. ಇದು ಕೆಟ್ಟರೆ ರಸ್ತೆಯಾಚೆ ಬಸ್ ಸ್ಟಾಪಿನಲ್ಲಿ ನಿಂತವರು. ಫ್ರಾನ್ಸಿನ ಉತ್ತರಕ್ಕೆ ಪಾ-ದ-ಕಾಲೆ ಅನ್ನೋ ಜಿಲ್ಲೆಯಲ್ಲಿ 2003-04ರ ಚಳಿಗಾಲದಲ್ಲಿ ಒಂದು ಪೆಟ್ರೋಕೆಮಿಕಲ್ ಕಾರ್ಖಾನೆಯ ಟವರಿನಿಂದ 86 ಜನಕ್ಕೆ ಬಂದು 18 ಜನ ಸತ್ತರು. ಆರು ಕಿಲೋಮೀಟರಿಗೂ ಆಚೆ ಇದ್ದವರಿಗೂ ತಟ್ಟಿತು. ಮೊದಲ ಸಲ ಗೊತ್ತಾದ ಮೇಲೆ ಕ್ಲೀನ್ ಮಾಡೋಕೆ ಇಳಿದರು, ಕ್ಲೀನ್ ಮಾಡ್ತಿದ್ದಾಗಲೇ ಎರಡನೇ ಅಲೆ ಎದ್ದಿತು.

ಪ್ಲಂಬರ್: ಕ್ಲೀನ್ ಮಾಡಿದ್ದಕ್ಕೆ ಬಂತಾ?

ಆಫೀಸರ್: ಹೈ ಪ್ರೆಷರ್ ಜೆಟ್ ಹಿಡಿದು ಹೊಡೆದರು. ಲೋಳೆಯೆಲ್ಲ ಹನಿಯಾಗಿ ಗಾಳಿಗೆ ಹೋಯ್ತು.

ಪ್ಲಂಬರ್: ನಾವೂ ಜೆಟ್ಟೇ ಹೊಡಿಯೋದು. ಮಾಸ್ಕೂ ಇಲ್ಲದೆ.

ಆಫೀಸರ್: ಇನ್ನು ಮೇಲೆ ಮೊದಲು ಕ್ಲೋರಿನ್ ಹಾಕಿ ತಿರುಗಿಸಿ, ಖಾಲಿ ಮಾಡಿ, ಫ್ಯಾನ್ ಆಫ್ ಮಾಡಿ, ಆಮೇಲೆ ಬ್ರಷ್ಷು. ಮಾಸ್ಕ್ ಹಾಕಿದವರು ಮಾತ್ರ. ನೀವು ಬೇಡ, ಶುಗರ್ ಇಲ್ಲದ ಹುಡುಗರು ಮಾಡಲಿ. ಇದಕ್ಕೆ ಎಸ್‌ಟಿಪಿಯಲ್ಲಿ ಶುದ್ಧಿ ಮಾಡಿದ ಕೊಳಚೆ ನೀರು ಬಿಡ್ತಿದ್ದೀರಾ?

ಪ್ಲಂಬರ್: ಫಿಲ್ಟರ್ ಆದ ಮೇಲೆ ಅದೇ. ಕಾವೇರಿ ನೀರು ಟವರಿಗೆ ಸುರಿಯೋಕಾಗುತ್ತಾ?

ಆಫೀಸರ್: ಬೇಡ ಅನ್ನಲ್ಲ, ನೀರಿನ ಬರ ನನಗೂ ಗೊತ್ತು. ಆದ್ರೆ ಅದರಲ್ಲಿ ಬ್ಯಾಕ್ಟೀರಿಯಾಗೆ ಊಟ ಜಾಸ್ತಿ, ಅದಕ್ಕೆ ತಕ್ಕ ಹಾಗೆ ಔಷಧಿಯೂ ಬಿಗಿಯಾಗಿರಬೇಕು. ಕೆಮಿಕಲ್ ಕಾಂಟ್ರ್ಯಾಕ್ಟರ್ ಕೊಟ್ಟ ಸ್ಲಿಪ್ಪುಗಳನ್ನ ನೋಡಿದೆ. ಹನ್ನೆರಡು ತಿಂಗಳು, ಹನ್ನೆರಡು 'ಓಕೆ', ಎಲ್ಲ ಒಂದೇ ಪೆನ್ನಿನಲ್ಲಿ, ಒಂದೇ ಕೂತಲ್ಲಿ ಬರೆದ ಹಾಗಿದೆ.

ಪ್ಲಂಬರ್: ಹುಡುಗ ಗೇಟಿನ ಹತ್ತಿರ ಸೈನ್ ಹಾಕಿಸಿಕೊಂಡು ಹೋಗ್ತಾನೆ. ಮೇಲೆ ಹತ್ತಿದ್ದನ್ನ ನಾನು ಎರಡು ಸಲ ನೋಡಿದ್ದೀನಿ.

ಆಫೀಸರ್: ಇಂಗ್ಲೆಂಡಿನ ಬ್ಯಾರೋ ಅನ್ನೋ ಊರಲ್ಲಿ 2002ರ ಆಗಸ್ಟಿನಲ್ಲಿ ನೂರೆಪ್ಪತ್ತಕ್ಕೂ ಹೆಚ್ಚು ಜನಕ್ಕೆ ಬಂದು ಏಳು ಜನ ಸತ್ತಿದ್ದು ಹೆಚ್ಚುಕಡಿಮೆ ಇಂಥದ್ದರಿಂದಲೇ. ಪುರಸಭೆಯದೇ ಕಲಾಭವನ. ಅದರ ಟವರಿನ ಹಬೆ ಜನ ಓಡಾಡೋ ಓಣಿಯ ಮೇಲೆ ಬೀಳ್ತಿತ್ತು. ನೀರಿಗೆ ಔಷಧಿ ಹಾಕೋ ಕಾಂಟ್ರ್ಯಾಕ್ಟು ನಿಂತು ಹೋಗಿತ್ತು, ನಿಂತಿದೆ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪ್ರಕರಣ ಕೋರ್ಟಿಗೆ ಹೋಗಿ ಪುರಸಭೆಗೆ 1,25,000 ಪೌಂಡ್ ದಂಡ ಬಿತ್ತು.

ಪ್ಲಂಬರ್: ಇಲ್ಲೊಂದು ಕಾಲಂ ಇದೆ ನೋಡಿ, 'ಜವಾಬ್ದಾರಿ ಹೊತ್ತವರು' ಅಂತ. ಅಲ್ಲಿ ನನ್ನ ಹೆಸರು ಬರೀತೀರಾ? ನಾಳೆ ಏನಾದರೂ ಆದ್ರೆ ಕೋರ್ಟಿಗೆ ನಾನಾ ಹೋಗೋದು?

ಆಫೀಸರ್: ಇಲ್ಲ. ಜವಾಬ್ದಾರಿ ಕಂಪನಿಯದು, ಮಾಲೀಕರದು. ಆ ಕಾಲಮ್ಮಿನಲ್ಲಿ ಬರೆಯೋ ಹೆಸರಿಗೆ ದುಡ್ಡು ಖರ್ಚು ಮಾಡೋ ಅಧಿಕಾರ ಇರಬೇಕು. ಎಲಿಮಿನೇಟರ್ ಪಟ್ಟಿ ತರಿಸೋಕೆ ವರ್ಷ ಕಾಯೋ ಮನುಷ್ಯನ ಹೆಸರು ಅಲ್ಲಿ ಬರೆದರೆ ಅದು ಅನ್ಯಾಯ. ಫೆಸಿಲಿಟಿ ಹೆಡ್ ಹೆಸರು ಬರೀತೀನಿ, ಅವರ ಸಹಿ ತಗೋತೀನಿ.

ಪ್ಲಂಬರ್: ಇಷ್ಟೆಲ್ಲ ಯಾಕೆ ಮೇಡಂ, ನಾಲ್ಕು ಬಾಟಲ್ ನೀರು ಹಿಡಿದು ಲ್ಯಾಬಿಗೆ ಕಳಿಸಿದರೆ ಇದೆಯೋ ಇಲ್ಲವೋ ಅಂತ ಹೇಳ್ತಾರಲ್ಲ.

ಆಫೀಸರ್: ಕಳಿಸೋಣ, ಟವರಿಂದಂತೂ ಕಳಿಸಲೇಬೇಕು. ಆದ್ರೆ ಅದನ್ನ ಬೆಳೆಸಿ ನೋಡೋಕೆ ಹತ್ತು ದಿನ ಬೇಕು. ಇಲ್ಲ ಅಂತ ಬಂದ್ರೂ ಅವತ್ತು ಆ ಬಾಟಲಿಯಲ್ಲಿ ಇರಲಿಲ್ಲ ಅಂತ ಅಷ್ಟೇ ಅರ್ಥ. ಲೋಳೆ ಇದೆ, ನೀರು ಬೆಚ್ಚಗಿದೆ, ನಿಂತಿದೆ, ಕ್ಲೋರಿನ್ ಇಲ್ಲ ಅಂದ ಮೇಲೆ ರಿಪೋರ್ಟ್ ಏನಾದರೂ ಬರಲಿ, ಇವತ್ತಲ್ಲ ನಾಳೆ ಬಂದು ಸೇರುತ್ತೆ. 2020ರಲ್ಲಿ ಲಾಕ್‌ಡೌನ್ ಆಗಿ ಎಲ್ಲ ಕಟ್ಟಡ ಮುಚ್ಚಿದ್ದವಲ್ಲ. ಫಿಲಡೆಲ್ಫಿಯಾ ಪ್ರಕರಣದಲ್ಲಿ ಇದನ್ನ ಕಂಡುಹಿಡಿದ ಸಂಸ್ಥೆ ಸಿಡಿಸಿ, ಅವರು ಅಟ್ಲಾಂಟಾದಲ್ಲಿ ಬಾಡಿಗೆಗೆ ಹಿಡಿದಿದ್ದ ಕಟ್ಟಡಗಳಲ್ಲೇ ಆ ಆಗಸ್ಟಿನಲ್ಲಿ ಲೀಜನೆಲ್ಲಾ ಸಿಕ್ಕಿತು.

ಪ್ಲಂಬರ್: ವೈದ್ಯರ ಮನೆಯಲ್ಲೇ ಜ್ವರ. ಆ ಲಾಕ್‌ಡೌನಿನಲ್ಲಿ ಇಡೀ ಕಟ್ಟಡಕ್ಕೆ ನಾನು, ಒಬ್ಬ ಸೆಕ್ಯುರಿಟಿ, ಅಷ್ಟೇ. ಎರಡನೇ ವಾರಕ್ಕೆ ಮಹಡಿ ಮಹಡಿಯಲ್ಲೂ ಗಬ್ಬು ವಾಸನೆ. ನೋಡಿದ್ರೆ ಬಾಟಲ್ ಟ್ರ್ಯಾಪಿನ ನೀರು ಆರಿಹೋಗಿ ಡ್ರೈನೇಜ್ ಗಾಳಿ ಮೇಲೆ ಬರ್ತಿದೆ. ಆವತ್ತಿಂದ ಪ್ರತಿ ಸೋಮವಾರ ಆರನೇ ಮಹಡಿಯಿಂದ ಇಳೀತಾ ಎಲ್ಲ ನಲ್ಲಿ, ಎಲ್ಲ ಶವರ್, ಎಲ್ಲ ಫ್ಲಶ್ಶು ಬಿಟ್ಟುಕೊಂಡು ಬರ್ತಿದ್ದೆ. ಯಾರೂ ಹೇಳಿರಲಿಲ್ಲ. ನೀರು ದಂಡ ಮಾಡ್ತಾನೆ ಅಂತ ಮ್ಯಾನೇಜರ್ ಬೈದರು.

ಆಫೀಸರ್: ಎಷ್ಟು ಹೊತ್ತು ಬಿಡ್ತಿದ್ರಿ?

ಪ್ಲಂಬರ್: ಮೊದಲು ಕೆಂಪಗೆ ಬರೋದು. ಆಮೇಲೆ ಬೆಚ್ಚಗೆ. ಆಮೇಲೆ ಟ್ಯಾಂಕಿನ ನೀರಿನ ಹದಕ್ಕೆ ಬರೋದು. ಅಲ್ಲಿಗೆ ನಿಲ್ಲಿಸ್ತಿದ್ದೆ.

ಆಫೀಸರ್: ಫಾರಮ್ಮಿನ ಇಪ್ಪತ್ತೆರಡನೇ ಪುಟ ಓದ್ತೀನಿ ಕೇಳಿ. ಅಪರೂಪಕ್ಕೆ ಬಳಸೋ ನಲ್ಲಿ ಶವರುಗಳನ್ನ ವಾರಕ್ಕೊಮ್ಮೆ, ನೀರಿನ ಬಿಸಿ ಒಂದೇ ಹದಕ್ಕೆ ಬರೋವರೆಗೆ ಬಿಡಬೇಕು. ನೀವು ಮಾಡಿದ್ದೇ ಇದು. ಒಂದು ತಿದ್ದುಪಡಿ: ಶವರ್ ಬಿಡುವಾಗ ಶವರ್ ಹೆಡ್ಡಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಕವರಿನ ಮೂಲೆ ಕತ್ತರಿಸಿ ನೀರು ಬಿಡಿ, ಹನಿ ಹಾರಬಾರದು. ಈಗ ನಕ್ಷೆ ಬಿಡಿಸ್ತೀನಿ, ಹಾಗೆ ಬಿಡಬೇಕಾದ ಜಾಗ ಎಲ್ಲ ತೋರಿಸಿ.

ಪ್ಲಂಬರ್: ಜಿಮ್ಮಿನ ಎರಡು. ಆರನೇ ಮಹಡಿ ಡೈರೆಕ್ಟರ್ ಬಾತ್‌ರೂಮು, ಅವರು ಬರೋದು ವರ್ಷಕ್ಕೆ ಎರಡು ಸಲ. ಕ್ಯಾಂಟೀನ್ ಹಿಂದಿನ ನಲ್ಲಿ. ಲ್ಯಾಬಿನ ಕಣ್ಣು ತೊಳೆಯೋ ನಲ್ಲಿ, ಅದು ಬಂದ ದಿನದಿಂದ ಯಾರೂ ಮುಟ್ಟಿಲ್ಲ. ಮತ್ತೆ...

ಆಫೀಸರ್: ಮತ್ತೆ?

ಪ್ಲಂಬರ್: ಮೂರನೇ ಮಹಡಿ. ನಿಮ್ಮ ನಕ್ಷೆಯಲ್ಲಿ ಅಲ್ಲಿ ಏನಿದೆ?

ಆಫೀಸರ್: ಸ್ಟೋರ್ ರೂಮು. ನೀರಿನ ಲೈನೇ ಇಲ್ಲ.

ಪ್ಲಂಬರ್: ಮೊದಲು ಅಲ್ಲಿ ನೈಟ್ ಶಿಫ್ಟಿನವರಿಗೆ ಶವರ್ ಇತ್ತು. 2014ರಲ್ಲಿ ಸ್ಟೋರ್ ಮಾಡಿ ಅಂದ್ರು. ಒಂದೇ ರಾತ್ರಿಯಲ್ಲಿ ಆಗಬೇಕು ಅಂದ್ರು. ಶವರ್ ಕಿತ್ತು, ಗೋಡೆಯೊಳಗಿನ ಪೈಪಿಗೆ ಎಂಡ್ ಪ್ಲಗ್ ತಿರುಗಿಸಿ, ಮೇಲೆ ಟೈಲ್ಸ್ ಅಂಟಿಸಿಬಿಟ್ಟೆ. ಡಕ್ಟಿನ ಮೇನ್ ಲೈನಿಂದ ಅಲ್ಲಿಗೆ ಹನ್ನೆರಡು ಅಡಿ. ಬಿಸಿನೀರಿಂದು ಒಂದು, ತಣ್ಣೀರಿಂದು ಒಂದು. ಆ ನೀರು ಅಲ್ಲೇ ಇದೆ ಮೇಡಂ, ಅವತ್ತಿಂದ.

ಆಫೀಸರ್: ಆ ಲೈನಿಂದ ಮುಂದೆ ಎಲ್ಲಿಗೆ ಹೋಗುತ್ತೆ?

ಪ್ಲಂಬರ್: ಕೆಳಗೆ ಜಿಮ್ಮಿಗೆ. ಪಂಪ್ ಆನ್ ಆದಾಗಲೆಲ್ಲ ಪ್ರೆಷರ್ ಏರಿಳಿದು ಅಲ್ಲಿಂದ ಚೂರು ಚೂರು ಮೇನ್ ಲೈನಿಗೆ ಬೆರೀತಾನೇ ಇರುತ್ತೆ. ನೀವು ಎಷ್ಟೇ ಕ್ಲೋರಿನ್ ಹಾಕಿ, ಆ ಹನ್ನೆರಡು ಅಡಿಯೊಳಗೆ ಹೋಗಲ್ಲ. ಇಷ್ಟು ದಿನ ಇದು ತಪ್ಪು ಅಂತ ನನಗೆ ಅನ್ನಿಸಿರಲೇ ಇಲ್ಲ. ಲೀಕ್ ಇಲ್ಲ ಅಂದ್ರೆ ಕೆಲಸ ಚೆನ್ನಾಗಾಗಿದೆ ಅಂತಲೇ ಲೆಕ್ಕ.

ಆಫೀಸರ್: ಇಂಥದ್ದು ಇನ್ನೆಷ್ಟಿವೆ?

ಪ್ಲಂಬರ್: ನಾಲ್ಕು. ಎಲ್ಲ ನನ್ನ ಕೈಯದ್ದೇ. ಪೆನ್ಸಿಲ್ ಕೊಡಿ, ಗುರುತು ಹಾಕ್ತೀನಿ. ನಾನು ರಿಟೈರ್ ಆದ ಮೇಲೆ ಬಂದಿದ್ರೆ ನಿಮಗೆ ಇವು ಸಿಗ್ತಿರಲಿಲ್ಲ.

ಆಫೀಸರ್: ಕತ್ತರಿಸೋಕೆ ಎಷ್ಟು ಹೊತ್ತು ಬೇಕು?

ಪ್ಲಂಬರ್: ಗೋಡೆ ಒಡೆಯೋದೇ ಬೇಡ. ಡಕ್ಟಿನೊಳಗೆ ಮೇನ್ ಲೈನಿನ ಟೀ ಜಾಯಿಂಟ್ ತೆಗೆದು ನೇರ ಕಪ್ಲಿಂಗ್ ಹಾಕಿದ್ರೆ ಆಯ್ತು, ಬಾಲವೇ ಉಳಿಯಲ್ಲ. ಒಳಗಿನ ನೀರನ್ನ ಬಕೆಟ್ಟಿಗೆ ಮೆಲ್ಲಗೆ ಇಳಿಸಿ ಬ್ಲೀಚಿಂಗ್ ಹಾಕಿ ಚೆಲ್ಲೋದು. ಎರಡು ಗಂಟೆ ಕೆಲಸ. ಮಾಸ್ಕ್ ನಾನೂ ಹಾಕ್ಕೋತೀನಿ, ಬೇಡ ಅನ್ನಬೇಡಿ, ನಾನು ಮಾಡಿದ್ದನ್ನ ನಾನೇ ಕೀಳ್ತೀನಿ. ನೋಟಿಸ್ ಬರ್ಕೊಳ್ಳಿ: ಶನಿವಾರ ಮಧ್ಯಾಹ್ನ 2ರಿಂದ 4 ಗಂಟೆಯವರೆಗೆ ಮೂರನೇ ಮಹಡಿಯಲ್ಲೂ ಜಿಮ್ಮಿನಲ್ಲೂ ನೀರು ಬರುವುದಿಲ್ಲ.